ಬೆಂಗಳೂರಲ್ಲಿ ಮಡಚುವ ಚಾಕು ಹುಡುಕಲು ಹೊರಡುವವರಿಗೆ

ಕೈಯಿಂದ ಮಾಡಿದ ಮಡಚುವ ಚಾಕು ಬೆಂಗಳೂರಿನಲ್ಲಿ ಸಿಗುತ್ತದೆ. ಆದರೆ ಅದು ಪೇಟೆಯಲ್ಲಿ ಇಲ್ಲ, ಮಾಡುವವರ ಶೆಡ್ಡಿನಲ್ಲಿದೆ. ಇಷ್ಟು ಗೊತ್ತಿದ್ದು ಹೊರಟರೆ ಅರ್ಧ ಅಲೆದಾಟ ತಪ್ಪುತ್ತದೆ.

ನನಗೆ ಬೇಕಿದ್ದದ್ದು ಅಪ್ಪನಿಗೆ. ತೋಟಕ್ಕೆ ಹೋಗುವಾಗ ಜೇಬಿನಲ್ಲಿ ಹಾಕಿಕೊಳ್ಳುವಂಥದ್ದು. ಮಾವಿಗೆ ಕಸಿ ಕಟ್ಟಲು, ಗೊಬ್ಬರದ ಚೀಲದ ದಾರ ಕತ್ತರಿಸಲು, ಮಧ್ಯೆ ಒಂದು ಎಳೆ ಸೌತೆಕಾಯಿ ಹೆಚ್ಚಲು. ಬಜೆಟ್ ಐದು ಸಾವಿರದ ಒಳಗೆ. ಮಾಡಿದವರ ಕೈಯಿಂದಲೇ ಕೊಳ್ಳಬೇಕು ಅಂತ ಆಸೆ. ಹರಿತ ಹೋದರೆ, ಅಲಗು ತಿರುಗುವ ಪಿನ್ನು ಸಡಿಲವಾದರೆ ವಾಪಸ್ ತೆಗೆದುಕೊಂಡು ಹೋಗಲು ಒಂದು ಜಾಗ ಇರುತ್ತದೆ, ಅಲ್ವಾ?

ಎಲ್ಲರೂ ಮೊದಲು ಹೇಳುವುದು ಕೆ.ಆರ್. ಮಾರುಕಟ್ಟೆ. ನಾನೂ ಅಲ್ಲಿಂದಲೇ ಶುರು ಮಾಡಿದೆ. ಮಾರುಕಟ್ಟೆ ಸುತ್ತಲಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಮಡಚುವ ಚಾಕು ಬೇಕಾದಷ್ಟಿವೆ. ನಾನು ನೋಡಿದವೆಲ್ಲ ಯಂತ್ರದಲ್ಲಿ ಒತ್ತಿ ತೆಗೆದ ಮಾಲು. 'ಹ್ಯಾಂಡ್‌ಮೇಡ್' ಅಂತ ತೋರಿಸಿದ ಚಾಕುಗಳಲ್ಲೂ ಒಂದೇ ಅಚ್ಚಿನ ಹಿಡಿ, ಒಂದೇ ಜಾಗದಲ್ಲಿ ಅದೇ ಗೀರು. ಕೆಲವದರ ಮೇಲೆ ಡಮಾಸ್ಕಸ್ ಉಕ್ಕಿನ ಅಲೆಅಲೆ ಚಿತ್ತಾರ ಇತ್ತು. ಇಂಥದ್ದು ಕಂಡರೆ ಅಲಗಿನ ಬೆನ್ನನ್ನು ತಿರುಗಿಸಿ ನೋಡಿ. ಎರಡು ಉಕ್ಕುಗಳನ್ನು ಬೆಸೆದು ಬಡಿದು ಮಾಡಿದ್ದಾದರೆ ಪದರಗಳ ಗೆರೆ ಬೆನ್ನಿನ ಮೇಲೂ ಕಾಣಬೇಕು. ನಾನು ನೋಡಿದವುಗಳ ಬೆನ್ನು ನುಣ್ಣಗಿತ್ತು. ಅಂದರೆ ಚಿತ್ತಾರ ಬರೀ ಮೇಲುಮೇಲೆ ಮೂಡಿಸಿದ್ದು.

ಭಾನುವಾರ ಬೆಳಿಗ್ಗೆ ಎಸ್.ಪಿ. ರಸ್ತೆ ಕಡೆ ಹಳೆ ಸಾಮಾನಿನ ಸಂತೆ ಕೂಡುತ್ತದೆ. ಹಳೆ ಉಪಕರಣ ಇಷ್ಟಪಡುವವರು ಬೇಗ ಹೋಗಿ. ಹಳೆ ಅರ, ಹಳೆ ಇಕ್ಕಳ, ಅದೃಷ್ಟವಿದ್ದರೆ ಹಳೆಯ ವಿದೇಶಿ ಪೆನ್‌ನೈಫ್ ಕೂಡ ಸಿಗಬಹುದು. ಹೊಸ ಕೈಕೆಲಸದ ಚಾಕು ಹುಡುಕುವ ಜಾಗ ಅದಲ್ಲ.

ರಸ್ತೆ ಬದಿ ಕುಲುಮೆ ಹಾಕಿಕೊಂಡು ಕೂತ ಕಮ್ಮಾರರನ್ನೂ ಮಾತಾಡಿಸಿದೆ. ಮಚ್ಚು, ಕುಡುಗೋಲು, ಈಳಿಗೆಮಣೆ ಅವರ ಕೈಯಲ್ಲಿ ಚೆನ್ನಾಗಿ ಬರುತ್ತವೆ. ಲಾರಿಯ ಸ್ಪ್ರಿಂಗ್ ಪಟ್ಟಿ ಕಾಯಿಸಿ ಬಡಿಯುವುದನ್ನು ನಿಂತು ನೋಡಿದರೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ. ಮಡಚುವ ಚಾಕು ಕೇಳಿದರೆ ಮಾತ್ರ ಆಗಲ್ಲ ಅಂತ ತಲೆ ಆಡಿಸುತ್ತಾರೆ. ಅದರಲ್ಲಿ ಬಡಿಯುವ ಕೆಲಸ ಕಡಿಮೆ, ಅಳತೆಯ ಕೆಲಸ ಜಾಸ್ತಿ. ಕೂದಲೆಳೆಯಷ್ಟು ಆಚೀಚೆ ಆದರೂ ಅಲಗು ಹಿಡಿಗೆ ಉಜ್ಜುತ್ತದೆ. ಹಾಗಾಗಿ ಇಂಥ ಚಾಕು ಮಾಡುವವರು ಹೆಚ್ಚಾಗಿ ಲೇತ್, ಗ್ರೈಂಡಿಂಗ್, ಟೂಲ್ ರೂಮ್ (ಕಾರ್ಖಾನೆಗೆ ಬೇಕಾದ ಅಚ್ಚು, ಉಪಕರಣ ಮಾಡುವ ವಿಭಾಗ) ಕಡೆಯಿಂದ ಬಂದವರು. ಕಾರ್ಖಾನೆಗಳ ಪ್ರದೇಶವಾದ ಪೀಣ್ಯದ ಕಡೆ ಹುಡುಕಿ ಅಂತ ನಾನು ಹೇಳುವುದು ಇದೇ ಕಾರಣಕ್ಕೆ.

ಹುಡುಕುವುದು ಹೇಗೆ? ನನಗೆ ಉಪಯೋಗಕ್ಕೆ ಬಂದದ್ದು ಸಾಣೆ ಹಿಡಿಯುವವರ ಮಾತು. ಯಾರ ಚಾಕು ಹೇಗಿದೆ ಅಂತ ಅವರಷ್ಟು ಚೆನ್ನಾಗಿ ಬಲ್ಲವರಿಲ್ಲ. ಅಡುಗೆಮನೆ ಚಾಕು ಮಸೆಸಲು ಕೊಟ್ಟಾಗ ಸುಮ್ನೆ ವಿಚಾರಿಸಿದೆ, ಒಂದು ಫೋನ್ ನಂಬರ್ ಸಿಕ್ಕಿತು. ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಕೃಷಿ ಮೇಳದಲ್ಲಿ ಉಪಕರಣದ ಮಳಿಗೆಗಳಿರುತ್ತವೆ, ಅಲ್ಲೂ ಕೇಳಬಹುದು. ಇನ್‌ಸ್ಟಾಗ್ರಾಂನಲ್ಲೂ ಚಾಕು ಮಾಡುವವರು ಸಿಗುತ್ತಾರೆ. ಅಲ್ಲಿ ಚೆಂದದ ಫೋಟೋಗೆ ಮನಸೋಲುವ ಮೊದಲು ಅರ್ಧ ಮಾಡಿಟ್ಟ ಚಾಕುವಿನ ಫೋಟೋ ಕಳಿಸಿ ಅಂತ ಕೇಳಿ. ನಿಜವಾಗಿ ಮಾಡುವವರ ಹತ್ತಿರ ಅದು ಯಾವಾಗಲೂ ಇರುತ್ತದೆ.

ದಾರಿ ಬಗ್ಗೆ ಒಂದು ಮಾತು. ಮೆಟ್ರೋ ಹಸಿರು ಮಾರ್ಗದಲ್ಲಿ 'ಪೀಣ್ಯ' ಬೇರೆ, 'ಪೀಣ್ಯ ಇಂಡಸ್ಟ್ರಿ' ಬೇರೆ. ಯಾವ ನಿಲ್ದಾಣ ಹತ್ತಿರ ಅಂತ ಮೊದಲೇ ಕೇಳಿಕೊಳ್ಳಿ. ಪೀಣ್ಯದ ಹಂತಗಳು, ಕ್ರಾಸುಗಳು ಹೊಸಬರಿಗೆ ತಲೆ ತಿರುಗಿಸುತ್ತವೆ, ಮ್ಯಾಪಿನ ಲೊಕೇಶನ್ ಕಳಿಸಿ ಎಂದರೆ ಒಳ್ಳೆಯದು. ತುಮಕೂರು, ಹಾಸನ, ಶಿವಮೊಗ್ಗ ಕಡೆಯಿಂದ ಬಸ್ಸಿನಲ್ಲಿ ಬರುವವರು ಮೆಜೆಸ್ಟಿಕ್‌ವರೆಗೆ ಹೋಗಲೇಬೇಡಿ, ತುಮಕೂರು ರಸ್ತೆಯಲ್ಲೇ ಇಳಿದುಬಿಡಿ. ಭಾನುವಾರ ಬಹುತೇಕ ವರ್ಕ್‌ಶಾಪುಗಳಿಗೆ ರಜೆ.

ನಾನು ಹೋದದ್ದು ಒಂದು ಸಣ್ಣ ಶೆಡ್ಡಿಗೆ. ಅಲ್ಲಿದ್ದ ಹಿರಿಯರು ಟೂಲ್ ರೂಮ್ ಕೆಲಸದಿಂದ ನಿವೃತ್ತರಾಗಿ ಈಗ ಚಾಕು ಮಾಡುತ್ತಾರೆ. ಒಂದು ಬೆಲ್ಟ್ ಗ್ರೈಂಡರ್, ಒಂದು ಡ್ರಿಲ್, ಒಂದು ವೈಸು, ಗೋಡೆ ತುಂಬ ಅರಗಳು. ಮಾದರಿ ತೋರಿಸುವಾಗ ಚಾಕುವನ್ನು ನನ್ನ ಕೈಗೆ ಕೊಡಲಿಲ್ಲ. ಮೇಜಿನ ಮೇಲೆ ಇಟ್ಟರು, ನಾನು ಎತ್ತಿಕೊಂಡೆ. ನಮ್ಮ ಮನೆಯಲ್ಲೂ ಹಾಗೇ, ಕೈಯಿಂದ ಕೈಗೆ ಚಾಕು ಕೊಟ್ಟರೆ ಜಗಳ ಆಗುತ್ತದೆ ಅಂತ ಅಜ್ಜಿ ಬೈಯುತ್ತಿದ್ದರು.

ಅಪ್ಪನಿಗೆ ಬೀಗ ಇರುವ ಚಾಕು ಬೇಕು ಅಂದೆ. ತೆರೆದ ಅಲಗು ತಾನಾಗಿ ಮಡಚಿಕೊಳ್ಳದಂತೆ ತಡೆಯುವ ಲಾಕಿಗೆ ಅವರು ಬೀಗ ಅನ್ನುತ್ತಾರೆ.

"ನೋಡಮ್ಮ, ಬೀಗ ಬೇಕು ಅಂದ್ರೆ ನಿನ್ನ ದುಡ್ಡೆಲ್ಲ ಬೀಗಕ್ಕೇ ಹೋಗುತ್ತೆ. ಅಲಗಿಗೆ ಏನು ಉಳಿಯುತ್ತೆ?" ಅಂದರು.

ಕಡಿಮೆ ದುಡ್ಡಿನಲ್ಲಿ ಕೈಕೆಲಸದ ಚಾಕು ಕೊಳ್ಳುವವರು ನೆನಪಿಡಬೇಕಾದ ಮಾತು ಇದೇ ಅಂತ ನನಗೆ ಅನಿಸಿದೆ. ಇವತ್ತಿನ ದುಬಾರಿ ಚಾಕುಗಳಲ್ಲಿ ಹಿಡಿಯೊಳಗಿನ ಲೋಹದ ಪಟ್ಟಿಯೊಂದು ಅಲಗಿನ ಬುಡಕ್ಕೆ ಅಡ್ಡ ಬಂದು ನಿಲ್ಲುತ್ತದೆ. ಅದನ್ನು ಸರಿಯಾಗಿ ಕೂರಿಸಲು ತುಂಬಾ ಹೊತ್ತು ಬೇಕು. ಅದಕ್ಕಿಂತ ಸುಲಭದ್ದು ಬೆನ್ನಿನ ಸ್ಪ್ರಿಂಗ್ ಒತ್ತಡದಲ್ಲಿ ನಿಲ್ಲುವ ಚಾಕು, ನಮ್ಮ ಅಜ್ಜಂದಿರ ಕಾಲದ ಪೆನ್‌ನೈಫ್ ಥರದ್ದು. ಎಲ್ಲಕ್ಕಿಂತ ಸರಳವಾದದ್ದು ಬರೀ ಪಿನ್ನಿನ ಬಿಗಿಯಲ್ಲಿ ನಿಲ್ಲುವಂಥದ್ದು. ಜಪಾನಿನ ಮಿಕಿ ಊರಿನ ಹಿಗೊನೊಕಾಮಿ ಇದೇ ಬಗೆ. ಮಡಚಿದ ಒಂದು ಲೋಹದ ಹಾಳೆ, ಒಂದು ಅಲಗು, ಒಂದು ಪಿನ್ನು, ಅಷ್ಟೇ. ಫ್ರಾನ್ಸಿನ ಒಪಿನೆಲ್ ಚಾಕು ಕೂಡ 1890ರಲ್ಲಿ ಶುರುವಾದಾಗ ಹೀಗೇ ಇತ್ತು. ಅಲಗನ್ನು ತಡೆಯುವ ತಿರುಗುವ ಬಳೆ ಬಂದದ್ದು 1955ರಲ್ಲಿ. ಅಷ್ಟು ವರ್ಷ ರೈತರು ಬೀಗ ಇಲ್ಲದ ಚಾಕುವಿನಲ್ಲೇ ಕೆಲಸ ಮಾಡಿದರು. ತಿವಿಯುವ, ಒತ್ತಿ ಚುಚ್ಚುವ ಕೆಲಸ ಇದ್ದರೆ ಮಾತ್ರ ಬೀಗ ಬೇಕೇ ಬೇಕು. ಕತ್ತರಿಸುವ, ಹೆಚ್ಚುವ ಕೆಲಸಕ್ಕೆ ಸರಳವಾದದ್ದೇ ಸಾಕು.

ಆಮೇಲೆ ಅವರು ನಾನು ಯೋಚಿಸಿಯೇ ಇರದ ಪ್ರಶ್ನೆ ಕೇಳಿದರು. "ಅಪ್ಪ ಯಾವ ಕೈಲಿ ಹಿಡೀತಾರೆ?" ಕಸಿ ಚಾಕುವಿಗೆ ಸಾಮಾನ್ಯವಾಗಿ ಒಂದೇ ಕಡೆ ಇಳಿಜಾರು ಹೊಡೆಯುತ್ತಾರೆ, ಇನ್ನೊಂದು ಕಡೆ ಮಟ್ಟಸ. ಆಗ ಕಡ್ಡಿಯ ಮೇಲೆ ಕೊಯ್ತ ಸಪಾಟಾಗಿ ಬರುತ್ತದೆ, ಎರಡು ಕಡ್ಡಿ ಸಂದಿಲ್ಲದೆ ಕೂಡುತ್ತವೆ. ಬಲಗೈಯವರಿಗೆ ಮಾಡಿದ್ದು ಎಡಗೈಯವರಿಗೆ ಆಗುವುದಿಲ್ಲ. ಅಪ್ಪ ಎಡಚರು. ಅಂಗಡಿಯಲ್ಲಿ ಇದನ್ನು ಯಾರು ಕೇಳುತ್ತಿದ್ದರು ಹೇಳಿ?

ಉಕ್ಕಿನ ವಿಷಯ. ನಮ್ಮಲ್ಲಿ ಸುಲಭವಾಗಿ ಸಿಗುವ ಬಗೆಗಳು ಓಎಚ್‌ಎನ್‌ಎಸ್, ಇಎನ್31, ಡಿ2. ಓಎಚ್‌ಎನ್‌ಎಸ್ ಅನ್ನು ಸುಮಾರು 800 ಡಿಗ್ರಿಗೆ ಕಾಯಿಸಿ ಎಣ್ಣೆಯಲ್ಲಿ ಅದ್ದುತ್ತಾರೆ. ಆಮೇಲೆ 200 ಡಿಗ್ರಿ ಆಸುಪಾಸಿನಲ್ಲಿ ಮತ್ತೆ ಕಾಯಿಸಿ ಹದಕ್ಕೆ ತರುತ್ತಾರೆ. ಇಎನ್31 ಬೇರಿಂಗ್ ಮಾಡುವ ಉಕ್ಕು, ಸಣ್ಣ ಅಲಗಿಗೆ ಬಲು ಚೆನ್ನಾಗಿ ಒಗ್ಗುತ್ತದೆ. ಡಿ2ನಲ್ಲಿ ಕ್ರೋಮಿಯಂ ಸುಮಾರು 12 ಶೇಕಡಾ ಇರುವುದರಿಂದ ತುಕ್ಕು ನಿಧಾನ, ಆದರೆ ಮನೆಯಲ್ಲಿ ಮಸೆಯುವುದು ಕಷ್ಟ. ಹೆಸರಿಗಿಂತ ಮುಖ್ಯವಾದದ್ದು ಹದ ಯಾರು ಹಾಕಿದರು ಅನ್ನುವುದು. ಅದನ್ನು ನೇರವಾಗಿ ಕೇಳಿ. ನಾನು ಹೋದಲ್ಲಿ ಅಲಗುಗಳನ್ನು ಪೀಣ್ಯದಲ್ಲೇ ಇರುವ ಹೀಟ್ ಟ್ರೀಟ್‌ಮೆಂಟ್ ಘಟಕಕ್ಕೆ ಕಳಿಸುತ್ತಾರೆ. ಒಂದೊಂದೇ ಕಳಿಸಿದರೆ ಗಿಟ್ಟುವುದಿಲ್ಲ, ಒಂದಷ್ಟು ಸೇರಲಿ ಅಂತ ಕಾಯುತ್ತಾರೆ. ಆರ್ಡರ್ ತಡವಾಗುವುದು ಇದಕ್ಕೇ, ಅವಸರ ಮಾಡಬೇಡಿ. ತಾವೇ ಹದ ಹಾಕುವವರೂ ಇದ್ದಾರೆ. ಕೆಂಪಗೆ ಕಾದ ಉಕ್ಕು ಸುಮಾರು 770 ಡಿಗ್ರಿಯಲ್ಲಿ ಆಯಸ್ಕಾಂತಕ್ಕೆ ಅಂಟುವುದು ಬಿಡುತ್ತದೆ. ಅದನ್ನು ಗುರುತಿಟ್ಟುಕೊಂಡು ಇನ್ನೊಂದಿಷ್ಟು ಕಾಯಿಸಿ ಅದ್ದುವುದು ಹಳೆಯ ಕ್ರಮ. ಅನುಭವ ಇದ್ದವರು ಮಾಡಿದರೆ ಅದೂ ಒಳ್ಳೆಯದೇ.

ಚಾಕು ಕೈಗೆ ಬಂದಾಗ ಏನು ನೋಡಬೇಕು? ಮೊದಲು ಮಡಚಿ, ಮೇಲಿನಿಂದ ನೋಡಿ. ಅಲಗು ಹಿಡಿಯ ಎರಡೂ ಗೋಡೆಗಳ ನಡುವೆ ಸರಿಯಾಗಿ ಮಧ್ಯದಲ್ಲಿ ಕೂತಿರಬೇಕು. ಮೊನೆ ಪೂರ್ತಿ ಒಳಗಿರಬೇಕು. ಹಿಡಿಯ ಮೇಲೆ ಬೆರಳು ಆಡಿಸಿದರೆ ಚೂರೂ ತಾಗಬಾರದು, ಜೇಬಿನಲ್ಲಿ ಇಡುವ ವಸ್ತು ಅದು. ಆಮೇಲೆ ತೆರೆದು ಅಲಗನ್ನು ಎಡಕ್ಕೆ ಬಲಕ್ಕೆ ಅಲುಗಾಡಿಸಿ. ಟಕ್ ಟಕ್ ಅಂತ ಆಡಿದರೆ ಪಿನ್ನಿನ ಕೆಲಸ ಸರಿಯಿಲ್ಲ. ಹೊಸದರಲ್ಲೇ ಆಡಿದರೆ ಆರು ತಿಂಗಳಲ್ಲಿ ಏನಾದೀತು? ಸ್ಪ್ರಿಂಗ್ ಇರುವ ಚಾಕುವಾದರೆ ತೆರೆದಾಗಲೂ ಮಡಚಿದಾಗಲೂ ಬೆನ್ನಿನ ಮೇಲೆ ಉಗುರು ಎಳೆಯಿರಿ, ಅಲಗು ಮತ್ತು ಸ್ಪ್ರಿಂಗ್ ಸೇರುವಲ್ಲಿ ಮೆಟ್ಟಿಲು ಸಿಗಬಾರದು. ಬೀಗ ಇದ್ದರೆ ತೆರೆದ ಅಲಗಿನ ಬೆನ್ನನ್ನು ಮರದ ಮೇಜಿಗೆ ನಿಧಾನವಾಗಿ ಒತ್ತಿ, ಬೆರಳುಗಳನ್ನು ಅಲಗಿನ ದಾರಿಯಿಂದ ದೂರ ಇಟ್ಟು. ಅಲಗು ಮಡಚಿಕೊಳ್ಳಬಾರದು. ಹದದ ಬಗ್ಗೆ ಅನುಮಾನ ಬಂದರೆ ಅಲಗಿನ ಬುಡದಲ್ಲಿ ಅರ ಆಡಿಸಿ ತೋರಿಸಿ ಅಂತ ಕೇಳಿ. ಹದವಾದ ಉಕ್ಕಿನ ಮೇಲೆ ಅರ ಜಾರುತ್ತದೆ, ಮೆತ್ತಗಿದ್ದರೆ ಕಚ್ಚುತ್ತದೆ. ಈ ಮಾತಿಗೆ ಬೇಸರ ಮಾಡಿಕೊಳ್ಳುವವರ ಹತ್ತಿರ ನಾನಾದರೆ ಕೊಳ್ಳುವುದಿಲ್ಲ.

ಹಿಡಿಗೆ ಹುಣಸೆ, ಬೀಟೆ, ಹಿತ್ತಾಳೆ, ಮೈಕಾರ್ಟಾ (ಬಟ್ಟೆಯ ಪದರಗಳಿಗೆ ರಾಳ ಹಾಕಿ ಗಟ್ಟಿ ಮಾಡಿದ್ದು) ಎಲ್ಲ ಇವೆ. ನಾನು ಹುಣಸೆ ಹೇಳಿದೆ, ಗಟ್ಟಿ, ಅಗ್ಗ. ಜಿಂಕೆ ಕೊಂಬಿನ ಹಿಡಿ ಅಂತ ಯಾರಾದರೂ ತೋರಿಸಿದರೆ ಮುಟ್ಟಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದರ ವ್ಯಾಪಾರ ಅಪರಾಧ.

ಮುಂಗಡ ಅರ್ಧಕ್ಕಿಂತ ಜಾಸ್ತಿ ಕೊಡಬೇಡಿ. ಚೌಕಾಸಿಯನ್ನೂ ಮಾಡಬೇಡಿ ಅಂತ ನನ್ನ ಕೋರಿಕೆ. ಒಬ್ಬರೇ ಕೂತು ಕೊರೆದು, ಉಜ್ಜಿ, ಹೊಂದಿಸಿ ಮಾಡುವ ಕೆಲಸ ಅದು. ಬೆಲೆ ಇಳಿಸಬೇಕಿದ್ದರೆ ಕೆಲಸ ಇಳಿಸಿ ಅಂತ ಕೇಳುವುದು ನ್ಯಾಯ. ಕನ್ನಡಿಯಂಥ ಪಾಲಿಶ್ ಬೇಡ, ಚಿತ್ತಾರ ಬೇಡ, ಚರ್ಮದ ಚೀಲ ಬೇಡ ಅನ್ನಿ. ನನ್ನದು ಬಜೆಟ್ ಒಳಗೆ ಬಂದದ್ದು ಹೀಗೆ.

ವಾಪಸ್ ಬರುವಾಗ ಮೆಟ್ರೋ ನೆಚ್ಚಿಕೊಳ್ಳಬೇಡಿ. ಬ್ಯಾಗ್ ಸ್ಕ್ಯಾನ್ ಮಾಡುತ್ತಾರೆ, ಚಾಕು ಕಂಡರೆ ತಡೆಯುತ್ತಾರೆ. ಬಸ್ಸು ಅಥವಾ ಆಟೋ ಹಿಡಿಯಿರಿ, ಚಾಕು ಡಬ್ಬಿಯೊಳಗೆ ಬ್ಯಾಗಿನ ತಳದಲ್ಲಿರಲಿ. ವಿಮಾನದಲ್ಲಿ ಹೋಗುವವರು ಚೆಕ್-ಇನ್ ಲಗೇಜಿನಲ್ಲೇ ಹಾಕಬೇಕು. ಶಸ್ತ್ರಾಸ್ತ್ರ ನಿಯಮಗಳು ಹೆಸರಿಸುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳನ್ನು, ಮನೆ ಮತ್ತು ಬೇಸಾಯದ ಉಪಕರಣಗಳನ್ನು ಬಿಟ್ಟು. ಮೂರು ಇಂಚಿನ ತೋಟದ ಚಾಕು ಅದರ ಹತ್ತಿರಕ್ಕೂ ಬರುವುದಿಲ್ಲ. ಹಾಗಂತ ಜಾತ್ರೆ, ಸಭೆ, ಸಿನಿಮಾ ಅಂತ ಜನ ಸೇರುವ ಕಡೆ ಜೇಬಿನಲ್ಲಿ ಇಟ್ಟುಕೊಂಡು ಓಡಾಡುವ ಅಗತ್ಯ ಯಾರಿಗೂ ಇಲ್ಲ. ಗುಂಡಿ ಒತ್ತಿದರೆ ಚಿಮ್ಮುವ ಚಾಕು ಕೇಳಲೇಬೇಡಿ.

ಓಎಚ್‌ಎನ್‌ಎಸ್ ಅಲಗಿಗೆ ತುಕ್ಕು ಬೇಗ, ನಾನು ಕೊಂಡದ್ದೂ ಅದೇ. ಅಪ್ಪ ಮೊದಲ ದಿನವೇ ಮಾವಿನಕಾಯಿ ಹೆಚ್ಚಿದರು, ಅಲಗಿನ ಮೇಲೆ ಬೂದುನೀಲಿ ಕಲೆ ಮೂಡಿತು. ಅದು ಕೆಟ್ಟದ್ದಲ್ಲ, ಉಜ್ಜಿ ತೆಗೆಯಬೇಡಿ. ಕೆಂಪು ತುಕ್ಕು ಮಾತ್ರ ಬರಬಾರದು. ಕೆಲಸ ಆದಮೇಲೆ ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಪಿನ್ನಿಗೆ, ಒಂದು ಹನಿ ಅಲಗಿಗೆ. ಹಣ್ಣು ತರಕಾರಿಗೂ ಬಳಸುವುದಾದರೆ ಅಲಗಿಗೆ ಕೊಬ್ಬರಿ ಎಣ್ಣೆ ಸವರಿ.

ದಸರಾ ಹೊತ್ತಿಗೆ ಕೊಡಬೇಕು ಅಂತಿರುವವರು ಎರಡು ಮೂರು ತಿಂಗಳು ಮೊದಲೇ ಆರ್ಡರ್ ಹೇಳಿಬಿಡಿ. ಆಯುಧ ಪೂಜೆಗೆ ಗ್ರೈಂಡರಿಗೂ ಅರಕ್ಕೂ ಕುಂಕುಮ ಇಟ್ಟಮೇಲೆ ಅಲ್ಲಿ ಒಂದೆರಡು ದಿನ ಯಾರೂ ಉಪಕರಣ ಮುಟ್ಟುವುದಿಲ್ಲ.