ಬಿಲ್ಡ್ ಕೇಳದೆ ಬಾಯಿ ಬಿಟ್ಟದ್ದು

ಉಡುಪಿಯ ಒಂದು ಲ್ಯಾಬಿನಲ್ಲಿ ಡಿಎನ್‌ಎ ಸೀಕ್ವೆನ್ಸಿಂಗ್ ಡೇಟಾ ನೋಡುವುದು ನನ್ನ ಕೆಲಸ. ಜುಲೈಯ ಜಡಿಮಳೆಯಲ್ಲಿ ಒಂದು ದಿನ ಡಾಕ್ಟ್ರುಗಳಿಗೆ ಡೆಮೊ ಇತ್ತು. ದುಡ್ಡು ಕೊಟ್ಟು ಸಾಫ್ಟ್‌ವೇರ್ ತರಿಸುವುದು ಬೇಡ, ಆ ಡೇಟಾ ತೋರಿಸುವ ಐಜಿವಿ.ಜೆಎಸ್ ಎಂಬ ಟೂಲ್ ಪುಕ್ಕಟೆ ಉಂಟು, ಬ್ರೌಸರಿನಲ್ಲೇ ಎಲ್ಲ ಕಾಣುತ್ತದೆ ಎಂದು ತಿಂಗಳಿಡೀ ವಾದಿಸಿದವನೂ ನಾನೇ.

ಬಿಆರ್‌ಸಿಎ1 ಎಂಬ ಜೀನಿನ ಹೆಸರು ಟೈಪ್ ಮಾಡಿ ಝೂಮ್ ಮಾಡಿದೆ. ರೀಡ್‌ಗಳು, ಅಂದರೆ ಯಂತ್ರ ಓದಿದ ಡಿಎನ್‌ಎ ತುಣುಕುಗಳು, ಬಂದವು. ಆದರೆ ಬೂದು ಬಣ್ಣದಲ್ಲಿ ತೆಪ್ಪಗೆ ಇರಬೇಕಾದವು ಹಸಿರು, ನೀಲಿ, ಕಿತ್ತಳೆ, ಕೆಂಪು. ಅಷ್ಟಮಿಯ ಹುಲಿವೇಷಕ್ಕೂ ಅಷ್ಟು ಬಣ್ಣ ಬಳಿಯುವುದಿಲ್ಲ. ರೆಫರೆನ್ಸ್‌ಗೆ, ಅಂದರೆ ಹೋಲಿಸಲು ಇಟ್ಟ ಮಾದರಿ ಜೀನೋಮಿಗೆ, ಹೊಂದದ ಅಕ್ಷರಕ್ಕೆ ಅಲ್ಲಿ ಈ ಬಣ್ಣ ಬರುವುದು. ರೀಲೋಡ್ ಮಾಡಿದೆ. ಬೇರೆ ಸ್ಯಾಂಪಲ್ ಹಾಕಿದೆ. ಅದೂ ಹಾಗೇ. ಎದುರಿನ ಸಾಲಿನ ಡಾಕ್ಟ್ರು ಮೊಬೈಲ್ ತೆಗೆದರು. ನನ್ನ ಕಿವಿ ಬಿಸಿಯಾಯಿತು, ಬಾಯಿ ನಿಲ್ಲಲಿಲ್ಲ: "ಇದು ರನ್ನೇ ಹಾಳಾದದ್ದು ಸರ್, ಲೈಬ್ರರಿ ಪ್ರೆಪ್‌ನಲ್ಲೇ ಎಡವಟ್ಟು."

ಆ ಪ್ರೆಪ್, ಅಂದರೆ ಡಿಎನ್‌ಎಯನ್ನು ಯಂತ್ರಕ್ಕೆ ತಯಾರು ಮಾಡುವ ಕೆಲಸ, ಮಾಡಿದ ಅಕ್ಕ ಹಿಂದಿನ ಸಾಲಿನಲ್ಲೇ ಕೂತಿದ್ದರು. "ಕ್ವಾಲಿಟಿ ಚೆಕ್ ನಿನ್ನೆ ನೀನೇ ಪಾಸ್ ಮಾಡಿದ್ದಲ್ವಾ?" ಅಂದರು, ಅಷ್ಟೇ.

ಇಂಟರ್ನ್ ಹುಡುಗ ಮೆಲ್ಲ ಬಂದು, "ಅಣ್ಣ, ಒಮ್ಮೆ ಹೆಡರ್ ನೋಡುವಾ" ಅಂದ. ರೀಡ್‌ಗಳಿರುವ ಬ್ಯಾಮ್ ಫೈಲಿನ ಹೆಡರಿನಲ್ಲಿ ಒಂದನೇ ಕ್ರೋಮೋಸೋಮಿನ ಉದ್ದ 249250621. ಅಂದರೆ ಎಚ್‌ಜಿ19, ರೆಫರೆನ್ಸಿನ 2009ರ ಆವೃತ್ತಿ, ಅದಕ್ಕೇ ಬಿಲ್ಡ್ ಅನ್ನುವುದು. ನಾನು ಉದಾಹರಣೆಯಿಂದ ಎತ್ತಿ ಅಂಟಿಸಿದ ಟೂಲಿನ ಕಾನ್ಫಿಗ್‌ನಲ್ಲಿ (ಸೆಟ್ಟಿಂಗಿನಲ್ಲಿ) ಇದ್ದದ್ದು ಎಚ್‌ಜಿ38, 2013ರದ್ದು. ಹಳೆಯದರಲ್ಲಿ ಬಿಆರ್‌ಸಿಎ1 ಇರುವುದು 17ನೇ ಕ್ರೋಮೋಸೋಮಿನ 4 ಕೋಟಿ 12 ಲಕ್ಷನೇ ಅಕ್ಷರದ ಹತ್ತಿರ, ಹೊಸದರಲ್ಲಿ 4 ಕೋಟಿ 30 ಲಕ್ಷದ ಹತ್ತಿರ. ನಾನು ಹದಿನೆಂಟು ಲಕ್ಷ ಅಕ್ಷರ ಆಚೆಯ ಯಾವುದೋ ಜೀನಿನ ರೀಡ್ ತೋರಿಸಿ ಅಕ್ಕನಿಗೆ ಬೈದಿದ್ದೆ. ಎರಡು ಬಿಲ್ಡಿನಲ್ಲೂ ಆ ಕ್ರೋಮೋಸೋಮಿನ ಹೆಸರು ಸಿಎಚ್‌ಆರ್17 ಎಂದೇ ಇರುವುದರಿಂದ ಟೂಲ್ ತುಟಿ ಪಿಟಕ್ಕೆನ್ನದೆ ಲೋಡ್ ಮಾಡಿತ್ತು. ಟೂಲಿಗೆ ಬೈದು ಎಂತ ಮಾಡುವುದು, ಅದು ಕೇಳಿದ್ದನ್ನು ಕೊಟ್ಟಿದೆ. ಬೈಯಬೇಕಾದ್ದು ಮ್ಯಾನೇಜ್‌ಮೆಂಟಿಗೆ: ರಿಪೋರ್ಟಿನ ಫಾರ್ಮ್ಯಾಟ್ ಬದಲಾಗುತ್ತದೆ ಎಂದು ಡೇಟಾ ಸಂಸ್ಕರಿಸುವ ಪೈಪ್‌ಲೈನನ್ನು ಇಂದಿಗೂ ಎಚ್‌ಜಿ19ರಲ್ಲೇ ಇಟ್ಟುಕೊಂಡಿದ್ದಾರೆ. ಅದು ಗೊತ್ತಿದ್ದೂ ಹೆಡರ್ ನೋಡದವ ನಾನು, ಅದು ಬೇರೆ ಮಾತು.

ಕಾನ್ಫಿಗ್‌ನಲ್ಲಿ ಒಂದು ಪದ ಬದಲಿಸಿದೆ, ಪರದೆ ಬೂದಾಯಿತು. ಡೆಮೊ ಮುಗಿಯಿತು. ಈಗ ಪೇಜಿನ ತಲೆಯಲ್ಲೇ ಬಿಲ್ಡಿನ ಹೆಸರು ಕೆಂಪಕ್ಷರದಲ್ಲಿ ಬರುತ್ತದೆ, ಹೆಡರಿನ ಉದ್ದ ತಾಳೆಯಾಗದಿದ್ದರೆ ಫೈಲ್ ತೆರೆಯುವುದೇ ಇಲ್ಲ.

ಬೈದದ್ದು ಹನ್ನೆರಡು ಜನರ ಎದುರು. ಸಾರಿ ಹೇಳಿದ್ದು ಮೂರು ದಿನ ಕಳೆದು, ಲಿಫ್ಟಿನಲ್ಲಿ, ಇಬ್ಬರೇ ಇರುವಾಗ. "ಆಯ್ತು ಮಾರಾಯ" ಅಂದರು ಅಕ್ಕ. ಆದರೆ ಅವರು ಕಳಿಸುವ ಸ್ಯಾಂಪಲ್ ಶೀಟಿನ ಕೊನೆಯಲ್ಲಿ ಅಂದಿನಿಂದ ಒಂದು ಹೊಸ ಸಾಲು ಉಂಟು: ಪ್ರೆಪ್ ಸರಿ ಇದೆ, ಬಿಲ್ಡ್ ನೀನು ನೋಡಿಕೋ.