ಹೆಸರಿಲ್ಲದ ಬೆಕ್ಕುಗಳು

ಕಳೆದ ಶನಿವಾರ ಪಕ್ಕದ ಮನೆಯ ಹುಡುಗಿ ಬಾಗಿಲು ತಟ್ಟಿದಳು. ಎಂಟು ವರ್ಷ ಇರಬಹುದು. ಒಂದು ಕೈಯಲ್ಲಿ ಪುಟ್ಟ ಸಲಿಕೆ, ಇನ್ನೊಂದರಲ್ಲಿ ಪ್ಲಾಸ್ಟಿಕ್ ಚೀಲ. "ಆಲಿವರ್ ನಿಮ್ಮ ಹಿತ್ತಲಲ್ಲಿ ಗಲೀಜು ಮಾಡಿದ್ದಾನಂತೆ. ತೆಗೆಯೋಕೆ ಬಂದೆ" ಅಂದಳು. ಆಲಿವರ್ ಅಂದರೆ ಅವರ ಬೆಕ್ಕು.

ಅವಳು ಬಂದಿದ್ದು ನನ್ನ ಹರಿವೆ ಪಾತಿಗೆ. ಇಂಗ್ಲೆಂಡಿನಲ್ಲಿ ಮಣ್ಣು ಬೆಚ್ಚಗಾಗೋದೇ ಮೇ ಕೊನೆಗೆ. ಬಾಂಗ್ಲಾದವರ ಅಂಗಡಿಯಲ್ಲಿ ಕೆಂಪು ಹರಿವೆ ಬೀಜ ತಂದು, ಅಮ್ಮ ಮಾಡುವ ಹಾಗೆ ಒಂದು ಹಿಡಿ ರವೆ ಬೆರೆಸಿ ಬಿತ್ತಿದ್ದೆ. ಇರುವೆ ರವೆ ಹೊತ್ತುಕೊಂಡು ಹೋಗುತ್ತದೆ, ಬೀಜ ಉಳಿಯುತ್ತದೆ. ಆದರೆ ಬೆಕ್ಕಿಗೆ ಬೇಕಾದದ್ದು ಒಣಗಿದ, ಸಡಿಲ ಮಣ್ಣು. ಬೀಜಕ್ಕೆಂದು ಹುಡಿ ಮಾಡಿಟ್ಟ ಪಾತಿ ಅದಕ್ಕೆ ಹೇಳಿ ಮಾಡಿಸಿದ ಜಾಗ. ಎರಡು ಸಲ ಬಿತ್ತಿದೆ, ಎರಡು ಸಲವೂ ಕೆದಕಿ ಹಾಕಿತ್ತು.

ಇಲ್ಲಿ ಬೆಕ್ಕು ಯಾರ ಹಿತ್ತಲಿಗೆ ಬೇಕಾದರೂ ಹೋಗಬಹುದು, ಕಾನೂನು ತಡೆಯುವುದಿಲ್ಲ. ಅದಕ್ಕೆ ಹಿಂಸೆ ಕೊಟ್ಟರೆ ಮಾತ್ರ 2006ರ ಪ್ರಾಣಿ ಕಲ್ಯಾಣ ಕಾಯ್ದೆಯಲ್ಲಿ ಕೇಸಾಗುತ್ತದೆ. ಯಾರೋ ನುಸಿಗುಳಿಗೆ ಹಾಕು ಅಂದರು. ಅದು ಬೆಕ್ಕಿಗೆ ವಿಷ, ನಾವು ತಿನ್ನುವ ಸೊಪ್ಪಿನ ಮಣ್ಣಿಗೂ ಬೇಡ. ಕೊನೆಗೆ ತೀರ್ಥಹಳ್ಳಿಗೆ ಫೋನ್ ಮಾಡಿದಾಗ ಅಮ್ಮ ಹೇಳಿದಳು: "ಸಂಜೆ ನೀರು ಹನಿಸಿ ಮೇಲೆ ಮುಳ್ಳು ಹೊಚ್ಚು ಮಾರಾಯ್ತಿ. ಹಸಿ ಮಣ್ಣಿಗೆ ಬೆಕ್ಕು ಕಾಲಿಡೋದಿಲ್ಲ."

ಅವತ್ತು ಅದನ್ನೇ ಮಾಡುತ್ತಿದ್ದೆ. ಬೆಕ್ಕಿನ ಹೊಲಸಿನಲ್ಲಿ ಟಾಕ್ಸೊಪ್ಲಾಸ್ಮಾ ಅನ್ನುವ ರೋಗಾಣು ಇರಬಹುದು, ಬಸುರಿಯರಿಗಂತೂ ಅಪಾಯ. ಹಾಗಾಗಿ ಮೊದಲು ಹುಡುಗಿಯ ಕೈಗೆ ಗ್ಲೌಸ್ ಹಾಕಿಸಿದೆ. ಅವಳು ಗಲೀಜು ತೆಗೆದಳು. ನಾನು ಮೂರನೇ ಸಲ ಬಿತ್ತಿ, ಗುಲಾಬಿಯ ಮುಳ್ಳುರೆಂಬೆಗಳನ್ನು ಗೇಣುದ್ದ ಕತ್ತರಿಸಿ ಅಡ್ಡಡ್ಡ ಇಟ್ಟೆ. ಅಂಚಿಗೆ ಕೋಳಿಬಲೆ ಹಾಸಿದೆ. ಬೆಕ್ಕಿಗೆ ಚುಚ್ಚಿ ಗಾಯ ಆಗುತ್ತಾ ಅಂತ ಅವಳು ಎರಡು ಸಲ ಕೇಳಿದಳು. ಆಗಲ್ಲ, ಸುಮ್ನೆ ಕಾಲಿಡೋಕೆ ಮುಜುಗರ ಆಗುತ್ತೆ ಅಷ್ಟೆ ಅಂದೆ.

"ಅವನ ಮೈಯಲ್ಲಿ ಚಿಪ್ ಇದೆ ಗೊತ್ತಾ?" ಅಂದಳು ಹೆಮ್ಮೆಯಿಂದ. 2024ರ ಜೂನ್ 10ರಿಂದ ಇಂಗ್ಲೆಂಡಿನಲ್ಲಿ ಸಾಕಿದ ಬೆಕ್ಕಿನ ಮರಿಗೆ 20 ವಾರ ತುಂಬುವ ಮೊದಲೇ ಚರ್ಮದಡಿ ಗುರುತಿನ ಮೈಕ್ರೋಚಿಪ್ ಹಾಕಿಸಬೇಕು, ಇಲ್ಲದಿದ್ದರೆ 500 ಪೌಂಡ್‌ವರೆಗೆ ದಂಡ. ಆಮೇಲೆ ಕೇಳಿದಳು, "ನಿಮ್ಮೂರಲ್ಲಿ ಬೆಕ್ಕಿತ್ತಾ? ಹೆಸರೇನು?"

ತುಂಬ ಇದ್ದವು, ಹೆಸರಿರಲಿಲ್ಲ ಅಂದೆ.

"ಹಾಗಾದ್ರೆ ಕಳೆದುಹೋದಾಗ ಏನಂತ ಕರೆದು ಹುಡುಕ್ತಿದ್ರಿ?"

ನನಗೆ ಉತ್ತರ ಹೊಳೆಯಲಿಲ್ಲ. ನಾವು ಹುಡುಕಿದ್ದೇ ಇಲ್ಲ. ನಮ್ಮ ಕೊಟ್ಟಿಗೆಯ ದನಗಳಿಗೆಲ್ಲ ಹೆಸರಿತ್ತು. ಗೌರಿ, ಕಾವೇರಿ, ಬೆಳ್ಳಿ. ಗೌರಿಗೆ ಹೊಟ್ಟೆ ಉಬ್ಬರಿಸಿದ ರಾತ್ರಿ ಅಪ್ಪ ಮಳೆಯಲ್ಲೇ ಹೋಗಿ ಡಾಕ್ಟರನ್ನು ಕರೆತಂದಿದ್ದರು. ಬೆಕ್ಕು ಮರಿ ಹಾಕಿದರೆ ಮಾತ್ರ ಗೋಣಿಚೀಲ. ಅದನ್ನು ಸೈಕಲ್ಲಿಗೆ ಕಟ್ಟಿ, ತುಂಗೆಯ ಸೇತುವೆ ದಾಟಿ, ಮೀನಿನ ಅಂಗಡಿ ಹತ್ತಿರ ಬಿಟ್ಟು ಬರುತ್ತಿದ್ದರು. "ಅಲ್ಲಿ ಹೊಟ್ಟೆ ತುಂಬ ಸಿಗುತ್ತೆ" ಅಂತ ನಮಗೆ ಸಮಾಧಾನ ಹೇಳುತ್ತಿದ್ದರು. ಎಲ್ಲ ಮನೆಯಲ್ಲೂ ಹೀಗೇ. ಸಾಕಿದ ಪ್ರಾಣಿಯನ್ನು ಹಸಿವಿಗೆ ಬಿಟ್ಟುಬಿಡುವುದು ನಮ್ಮ ದೇಶದಲ್ಲೂ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಯಾರೂ ಆ ಮಾತೇ ಎತ್ತುತ್ತಿರಲಿಲ್ಲ.

ಹುಡುಕುತ್ತಿದ್ದದ್ದು ತಾಯಿ ಬೆಕ್ಕು. ಅಟ್ಟ, ಸೌದೆ ಕೊಟ್ಟಿಗೆ, ಅಡಿಕೆ ಬೇಯಿಸುವ ಒಲೆಯ ಹಿಂದಿನ ಬೂದಿರಾಶಿ. ಮೂರು ರಾತ್ರಿ ಕೂಗುತ್ತಾ ತಿರುಗಿತ್ತು. ನಾನು ಕಂಬಳಿ ಎಳೆದುಕೊಂಡು ಕಿವಿ ಮುಚ್ಚಿಕೊಂಡಿದ್ದೆ.

ಸಂಜೆ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆ ಕಂದು ಬೆಕ್ಕಿಗೆ ಮತ್ತೆ ಹೊಟ್ಟೆ ಬಂದದೆ" ಅಂದಳು. ಈ ಸಲ ಚೀಲ ಬೇಡ, ಮರಿಗಳು ಹಾಲು ಬಿಟ್ಟ ಮೇಲೆ ಅದಕ್ಕೆ ಆಪರೇಷನ್ ಮಾಡಿಸೋಣ, ದುಡ್ಡು ನಾನು ಕೊಡ್ತೀನಿ ಅಂದೆ. ಫೋನ್ ತಮ್ಮನ ಕೈಗೆ ಹೋಯಿತು. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯೋದು ಮುಗೀಲಿ, ಪಶು ಆಸ್ಪತ್ರೆಗೆ ಹೋಗಿ ಕೇಳಿಕೊಂಡು ಬರ್ತೀನಿ ಅಂದಿದ್ದಾನೆ.