ಒಂದು ಗೇಣು ವೈರು

19 ನವೆಂಬರ್ 2024, ಮಂಗಳವಾರ
ದಾವಣಗೆರೆ

ರಾತ್ರಿ ಹತ್ತಾಯ್ತು. ಸೋಪಿನ ಪುಡಿ ಹಾಕಿ ಎರಡು ಸಲ ತಿಕ್ಕಿದರೂ ಉಗುರಿನ ಸಂದಿಯ ಕಪ್ಪು ಹೋಗಿಲ್ಲ. ಆದರೂ ಇವತ್ತಿನದನ್ನು ಇವತ್ತೇ ಬರೆದಿಡಬೇಕು. ನಾಳೆಗೆ ಬಿಟ್ಟರೆ ಸಿಟ್ಟು ಮಾತ್ರ ನೆನಪಲ್ಲಿ ಉಳಿಯುತ್ತದೆ, ಮಾಡಿದ ಕೆಲಸ ಮರೆತುಹೋಗುತ್ತದೆ.

ಭಾನುವಾರದಿಂದ ಶೆಡ್ಡಿನಲ್ಲಿ ಒಂದು ಪಿಕಪ್ ನಿಂತಿತ್ತು. ಬಿಎಸ್6 ಡೀಸೆಲ್ ಗಾಡಿ. ಮಾಯಕೊಂಡದ ಕಡೆಯ ಯಜಮಾನರೊಬ್ಬರದ್ದು. ಈಗ ನಮ್ಮ ಕಡೆ ಮೆಕ್ಕೆಜೋಳದ ಸುಗ್ಗಿ. ಹಳ್ಳಿ ರಸ್ತೆಗಳಲ್ಲಿ ಅರ್ಧ ರಸ್ತೆ ಜೋಳಕ್ಕೆ, ಅರ್ಧ ರಸ್ತೆ ಗಾಡಿಗೆ. ಒಣಗಿದ್ದನ್ನು ಚೀಲಕ್ಕೆ ತುಂಬಿ ಎಪಿಎಂಸಿಗೆ ಹೊಡೆಯುವ ಹೊತ್ತು. ಇಂಥ ಹೊತ್ತಲ್ಲಿ ಗಾಡಿ ಕೈಕೊಟ್ಟರೆ ಬಾಡಿಗೆ ಗಾಡಿ ಸಿಗುವುದಿಲ್ಲ. ಸಿಕ್ಕರೂ ಕೇಳಿದಷ್ಟು ಕೊಡಬೇಕು.

ಅವರು ಹೇಳಿದ್ದು ಇಷ್ಟು. ಲೋಡ್ ಹಾಕಿ ಹೊರಟರೆ ಎಲ್ಲೋ ಒಂದು ಕಡೆ ಟಪ್ ಅಂತ ಆಫ್ ಆಗುತ್ತದೆ. ಹತ್ತು ನಿಮಿಷ ಬಾನೆಟ್ ಎತ್ತಿ ತಣ್ಣಗಾಗಲು ಬಿಟ್ಟರೆ ಮತ್ತೆ ಸ್ಟಾರ್ಟ್. ಖಾಲಿ ಗಾಡಿ ಬೆಳಗ್ಗೆಯಿಂದ ಸಂಜೆತನಕ ಓಡಿಸಿದರೂ ಏನೂ ಇಲ್ಲ. ನನ್ನ ಹತ್ತಿರ ಬರುವ ಮೊದಲು ಎರಡು ಕಡೆ ತೋರಿಸಿದ್ದರು. ಒಂದು ಪ್ಲಾಸ್ಟಿಕ್ ಕವರ್ ತಂದು ನನ್ನ ಬೆಂಚಿನ ಮೇಲೆ ಸುರಿದರು. ಬಿಚ್ಚಿದ ಎರಡು ಕ್ರ್ಯಾಂಕ್ ಸೆನ್ಸರ್, ಒಂದು ಡೀಸೆಲ್ ಫಿಲ್ಟರ್, ಮಡಚಿದ ಬಿಲ್ಲುಗಳು. ಬ್ಯಾಟರಿಯೂ ಹೊಸದು ಹಾಕಿಸಿದ್ದರು. ಕೊನೆಗೆ ನೋಡಿದವರು, ಇಸಿಎಂ, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ಹೋಗಿದೆ, ಹೊಸದೇ ಹಾಕಬೇಕು ಅಂದಿದ್ದರಂತೆ. ಆ ರೇಟು ಕೇಳಿದ ಮೇಲೆ ಅವರಿಗೆ ಎರಡು ರಾತ್ರಿ ನಿದ್ದೆ ಇಲ್ಲ.

ಆ ಎರಡೂ ಹಳೇ ಸೆನ್ಸರ್‌ಗಳಿಗೆ ಮೀಟರ್ ಇಟ್ಟು ನೋಡಿದೆ. ಎರಡರ ರೀಡಿಂಗೂ ಸರಿಯಾಗಿಯೇ ಇತ್ತು. ನನಗೆ ಹೊಟ್ಟೆ ಉರಿದದ್ದು ಅಲ್ಲಿ.

ಈ ಕ್ರ್ಯಾಂಕ್ ಸೆನ್ಸರ್ ಅಂದರೆ ಏನು ಅಂತ ಸ್ವಲ್ಪ ಹೇಳುತ್ತೇನೆ, ಗಾಡಿ ಇಟ್ಟವರಿಗೆ ಗೊತ್ತಿದ್ದರೆ ಒಳ್ಳೆಯದು. ಪಿಸ್ಟನ್ನುಗಳು ತಿರುಗಿಸುವ ದಂಡಕ್ಕೆ ಕ್ರ್ಯಾಂಕ್ ಅನ್ನುತ್ತಾರೆ, ಅದರ ಜೊತೆ ಒಂದು ಹಲ್ಲಿನ ಚಕ್ರ ತಿರುಗುತ್ತದೆ. ಜಾಸ್ತಿ ಗಾಡಿಗಳಲ್ಲಿ 60 ಹಲ್ಲಿನ ಜಾಗ ಇರುತ್ತದೆ, ಹಲ್ಲು ಮಾತ್ರ 58. ಎರಡು ಹಲ್ಲನ್ನು ಬೇಕೆಂದೇ ಬಿಟ್ಟಿರುತ್ತಾರೆ. ಸೆನ್ಸರ್ ಆ ಹಲ್ಲುಗಳನ್ನು ಎಣಿಸುತ್ತಾ ಇರುತ್ತದೆ. ಖಾಲಿ ಜಾಗ ಬಂದ ಕೂಡಲೇ, ಪಿಸ್ಟನ್ ಈಗ ಎಲ್ಲಿದೆ ಅಂತ ಇಸಿಎಂಗೆ ಗೊತ್ತಾಗುತ್ತದೆ. ಆ ಲೆಕ್ಕದ ಮೇಲೆಯೇ ಡೀಸೆಲ್ ಬಿಡುವುದು. ಲೆಕ್ಕ ತಪ್ಪಿತೋ, ಡೀಸೆಲ್ ಬಂದ್, ಇಂಜಿನ್ ಆಫ್.

ಇಸಿಎಂ ಬರೆದಿಟ್ಟ ತೊಂದರೆ ಓದುವ ಸ್ಕ್ಯಾನರ್ ಹಾಕಿದರೆ ಪಿ0335 ಅಂತ ಕೋಡ್ ಬಂತು. ಹಿಂದೆ ನೋಡಿದವರಿಗೂ ಅದೇ ಬಂದಿರಬೇಕು. ಕೋಡ್ ನೋಡಿದ ಕೂಡಲೇ ಸೆನ್ಸರ್ ಬದಲಾಯಿಸಿದ್ದಾರೆ. ಆದರೆ ಆ ಕೋಡು, ಸೆನ್ಸರ್ ಕೆಟ್ಟಿದೆ ಅನ್ನುವುದೇ ಇಲ್ಲ. ಸೆನ್ಸರಿನ ಸರ್ಕ್ಯೂಟಿನಲ್ಲಿ ತೊಂದರೆ ಇದೆ ಅನ್ನುತ್ತದೆ. ಸರ್ಕ್ಯೂಟ್ ಅಂದರೆ ಸೆನ್ಸರ್, ಅದರ ವೈರು, ಸಾಕೆಟ್ಟು, ಇಸಿಎಂ ಎಲ್ಲ ಸೇರಿ. ಓಣಿ ಯಾವುದು ಅಂತ ಗೊತ್ತಾಯ್ತು ಅಷ್ಟೇ. ಮನೆ ಹುಡುಕುವುದು ಮೆಕ್ಯಾನಿಕ್ ಕೆಲಸ, ಅಲ್ವಾ?

ಭಾನುವಾರ, ಸೋಮವಾರ ಎರಡೂ ದಿನ ಶೆಡ್ಡಿನಲ್ಲಿ ಗಾಡಿ ಸಾಧು ಹಸುವಿನ ಹಾಗೆ ನಿಂತಿತು. ಎರಡು ಗಂಟೆ ಇಂಜಿನ್ ಚಾಲೂ ಇಟ್ಟೆವು. ಸೆನ್ಸರಿಗೆ ಬಿಸಿ ಗಾಳಿ ಬಿಟ್ಟು ನೋಡಿದೆ. ಸಾಕೆಟ್ಟು ಬಿಚ್ಚಿ ಪಿನ್ನುಗಳನ್ನು ಟಾರ್ಚ್ ಹಿಡಿದು ನೋಡಿದೆ. ಎಲ್ಲ ಚೊಕ್ಕ. ಈ ಬಂದು ಹೋಗುವ ಕಾಯಿಲೆ ಇದೆಯಲ್ಲ, ನಮ್ಮ ಕಸುಬಿನಲ್ಲಿ ಅದರಷ್ಟು ಸತಾಯಿಸುವುದು ಬೇರೆ ಇಲ್ಲ. ಪೂರ್ತಿ ಕೆಟ್ಟು ನಿಂತ ಗಾಡಿಯನ್ನು ಒಂದು ಗಂಟೆಯಲ್ಲಿ ಹಿಡಿಯಬಹುದು. ಇದು ಕೈಗೇ ಸಿಗುವುದಿಲ್ಲ. ಆ ಎರಡು ದಿನ ಬಂದ ಸರ್ವಿಸ್ ಕೆಲಸಗಳನ್ನು ಜಾಗ ಇಲ್ಲ ಅಂತ ವಾಪಸ್ ಕಳಿಸಿದೆ. ಶೆಡ್ಡಿನ ಬಾಡಿಗೆ ಮಾತ್ರ ನಿಲ್ಲುವುದಿಲ್ಲ.

ಸೋಮವಾರ ಸಂಜೆ ನಮ್ಮ ಹುಡುಗ ಮಂಡಕ್ಕಿ ಮೆಣಸಿನಕಾಯಿ ತಂದು ಬೆಂಚಿನ ಮೇಲಿಟ್ಟು ಮೆಲ್ಲಗೆ ಅಂದ: 'ಅಣ್ಣ, ಇನ್ನೊಂದು ಸೆನ್ಸರ್ ಹಾಕಿ ಕಳಿಸಿಬಿಡೋಣ. ಮತ್ತೆ ಆಫ್ ಆದ್ರೆ ಆಮೇಲೆ ನೋಡೋಣ.' ನನಗೆ ಸರ್ರಂತ ಸಿಟ್ಟು ಬಂತು. ಬೈದೆ. ಆಮೇಲೆ ಅವನ ಮುಖ ನೋಡಿ ಬೇಜಾರಾಯ್ತು. ಅವನು ಬೇರೆ ಕಡೆ ನೋಡಿ ಕಲಿತದ್ದು ಅದೇ. ಅದೇ ಕವರಿನಿಂದ ಹಳೇ ಸೆನ್ಸರ್ ತೆಗೆದು ಅವನ ಕೈಗೆ ಕೊಟ್ಟೆ. 'ಇದಕ್ಕೆ ಅವರು ಎಷ್ಟು ಚೀಲ ಜೋಳ ಮಾರಿರಬೇಕು ಲೆಕ್ಕ ಹಾಕು' ಅಂದೆ. ಅವನು ಲೆಕ್ಕ ಹಾಕಲಿಲ್ಲ. ತಿನ್ನುವುದನ್ನೂ ನಿಲ್ಲಿಸಿದ.

ಇವತ್ತು ಬೆಳಗ್ಗೆ ಒಂದು ತೀರ್ಮಾನ ಮಾಡಿದೆ. ಲೋಡ್ ಇದ್ದಾಗ ಬರುವ ಕಾಯಿಲೆಯನ್ನು ಲೋಡ್ ಹಾಕಿಯೇ ನೋಡಬೇಕು. ಪಕ್ಕದ ಸಿಮೆಂಟ್ ಅಂಗಡಿಯವರು ಆನಗೋಡಿಗೆ ಮಾಲು ಕಳಿಸುವವರಿದ್ದರು. ಹೀಗೀಗೆ ಅಂತ ಕೇಳಿದೆ. ದಾರಿಯಲ್ಲಿ ನಿಂತರೂ ನಿಲ್ಲಬಹುದು ಅಂತಲೂ ಹೇಳಿದೆ. ಪುಣ್ಯಾತ್ಮರು ಒಪ್ಪಿದರು. 50 ಕೆ.ಜಿ.ಯ 25 ಚೀಲ ಏರಿಸಿದೆವು. ನಾನು ಸ್ಟೀರಿಂಗ್ ಹಿಡಿದೆ. ಹುಡುಗ ಪಕ್ಕದಲ್ಲಿ ಸ್ಕ್ಯಾನರ್ ಹಿಡಿದು ಕೂತ. ಅವನಿಗೆ ಒಂದೇ ಕೆಲಸ ಹೇಳಿದ್ದೆ: ಆರ್‌ಪಿಎಂ, ಅಂದರೆ ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅನ್ನುವುದರ ಮೇಲೆ ಕಣ್ಣಿಡು, ಬೇರೆ ಏನೂ ನೋಡಬೇಡ.

ಊರು ದಾಟಿ ಹೆದ್ದಾರಿ ಏರುವ ಕಡೆ ಮುಂದೆ ಒಂದು ಟ್ರ್ಯಾಕ್ಟರ್ ನಿಂತಿತ್ತು. ನಿಧಾನ ಮಾಡಿ, ಎರಡನೇ ಗೇರಿಗೆ ಹಾಕಿ, ಕ್ಲಚ್ ಬಿಟ್ಟು ಎಕ್ಸಲೇಟರ್ ಒತ್ತಿದೆ. ಟಪ್. ಆಫ್.

'ಅಣ್ಣ, ಸೊನ್ನೆ!' ಅಂತ ಹುಡುಗ ಕೂಗಿದ.

1,800ರಲ್ಲಿ ಇದ್ದ ಆರ್‌ಪಿಎಂ ಒಂದೇ ಸಲಕ್ಕೆ ಸೊನ್ನೆಗೆ ಬಿದ್ದಿತ್ತು. ಗಾಡಿ ಇನ್ನೂ ಉರುಳುತ್ತಿತ್ತು, ಇಂಜಿನ್ ಇನ್ನೂ ತಿರುಗುತ್ತಿತ್ತು, ಸ್ಕ್ಯಾನರಿನಲ್ಲಿ ಮಾತ್ರ ಸೊನ್ನೆ. ಡೀಸೆಲ್ ಸಿಗದೆ ಆಫ್ ಆಗಿದ್ದರೆ ಆರ್‌ಪಿಎಂ ಮೆಟ್ಟಿಲು ಇಳಿದ ಹಾಗೆ 1,500, 1,000, 600 ಅಂತ ಇಳಿಯುತ್ತದೆ. ಹೀಗೆ ದಬಕ್ ಅಂತ ಬಿದ್ದರೆ ಸಿಗ್ನಲ್ಲೇ ಕಟ್ ಆಗಿದೆ ಅಂತ ಅರ್ಥ. ಎಡಕ್ಕೆ ತಗೊಂಡು ನಿಲ್ಲಿಸಿ ಕೂಡಲೇ ಕೀ ತಿರುಗಿಸಿದೆ. ಹತ್ತು ನಿಮಿಷ ಅಲ್ಲ, ಹತ್ತು ಸೆಕೆಂಡೂ ಕಾಯಲಿಲ್ಲ. ಸ್ಟಾರ್ಟ್ ಆಯ್ತು! ಅಂದರೆ ಬಿಸಿಗೂ ಇದಕ್ಕೂ ಸಂಬಂಧವೇ ಇಲ್ಲ. ತಣ್ಣಗಾಗಲಿ ಅಂತ ಅವರೇ ಸುಮ್ನೆ ಕಾಯುತ್ತಿದ್ದರು. ಆ ಹತ್ತು ನಿಮಿಷ ನಮ್ಮೆಲ್ಲರ ದಾರಿ ತಪ್ಪಿಸಿತ್ತು.

ಸಿಮೆಂಟ್ ಇಳಿಸಿ ವಾಪಸ್ ಶೆಡ್ಡಿಗೆ ಬಂದೆವು. ಬಾನೆಟ್ ಎತ್ತಿ, ಹುಡುಗನಿಗೆ ಹ್ಯಾಂಡ್ ಬ್ರೇಕ್ ಎಳೆದು, ಬ್ರೇಕ್ ಪೂರ್ತಿ ತುಳಿದು, ಒಂದನೇ ಗೇರಿನಲ್ಲಿ ಕ್ಲಚ್ ಚೂರೇ ಚೂರು ಬಿಡು ಅಂದೆ. ನಾನು ಪಕ್ಕಕ್ಕೆ ನಿಂತು ನೋಡಿದೆ. ಇಂಜಿನ್ ಒಂದು ಮಗ್ಗುಲಿಗೆ ಎರಡು ಬೆರಳಷ್ಟು ಎದ್ದಿತು. ಆ ಕಡೆಯ ವೈರಿನ ಕಟ್ಟು ಬಟ್ಟೆ ಒಣಹಾಕುವ ಹಗ್ಗದ ಹಾಗೆ ಬಿಗಿಯಾಯ್ತು. ಟಾರ್ಚ್ ಬಿಟ್ಟರೆ ಕೆಳಗೆ, ಇಂಜಿನ್ನನ್ನು ಚಾಸಿಸ್ಸಿಗೆ ಹಿಡಿದಿಡುವ ಮೌಂಟಿಂಗಿನ ರಬ್ಬರ್ ಹರಿದು ಬಾಯಿ ಬಿಟ್ಟಿದೆ. ಖಾಲಿ ಗಾಡಿಯಲ್ಲಿ ಇಂಜಿನ್ ಅಷ್ಟು ಏಳುವುದಿಲ್ಲ. ಲೋಡ್ ಇದ್ದು ಜೋರು ಮಾಡಿದಾಗ ಏಳುತ್ತದೆ, ವೈರನ್ನು ಎಳೆಯುತ್ತದೆ. ಗಾಡಿ ಆಫ್ ಆದ ಕೂಡಲೇ ತನ್ನ ಜಾಗಕ್ಕೆ ಕೂರುತ್ತದೆ, ವೈರು ಮತ್ತೆ ಕೂಡಿಕೊಳ್ಳುತ್ತದೆ.

ಕಟ್ಟಿನ ಟೇಪ್ ಬಿಚ್ಚಿದೆ. ಸೆನ್ಸರಿನ ಎರಡು ವೈರು. ಹೊರಗಿನಿಂದ ನೋಡಿದರೆ ಎರಡೂ ಹೊಸ ವೈರಿನ ಹಾಗಿವೆ, ಒಂದು ಗೀರೂ ಇಲ್ಲ. ಒಂದೊಂದನ್ನೇ ಬೆರಳಲ್ಲಿ ಹಿಡಿದು ಗೇಣು ಗೇಣು ಮೆಲ್ಲಗೆ ಎಳೆಯುತ್ತಾ ಬಂದೆ. ಒಳಗೆ ತಾಮ್ರ ಇದ್ದರೆ ವೈರು ಹಿಗ್ಗುವುದಿಲ್ಲ. ಎರಡನೇ ವೈರು ಬ್ರಾಕೆಟ್ಟಿನ ಹತ್ತಿರ ಬಂದಾಗ ರಬ್ಬರ್ ಬ್ಯಾಂಡಿನ ಹಾಗೆ ಹಿಗ್ಗಿತು. ಮೀಟರನ್ನು ಬೀಪಿಗೆ ಇಟ್ಟು ಎರಡು ತುದಿಗೆ ಹಿಡಿದೆ. ಬಿಟ್ಟರೆ ಬೀಪ್, ಎಳೆದರೆ ನಿಶ್ಶಬ್ದ. ಬಿಟ್ಟರೆ ಬೀಪ್, ಎಳೆದರೆ ನಿಶ್ಶಬ್ದ. ಹುಡುಗನಿಗೂ ಎಳೆದು ನೋಡು ಅಂತ ಕೊಟ್ಟೆ. ಅವನು ಐದಾರು ಸಲ ಎಳೆದ. ಅವನ ಮುಖದಲ್ಲಿ ಆಗ ಬಂದ ಖುಷಿ ನೋಡಿ ಮೂರು ದಿನದ ಸುಸ್ತು ಅರ್ಧ ಇಳಿಯಿತು.

ಇಷ್ಟಕ್ಕೆ ಮುಗಿಯಲಿಲ್ಲ. ಮೌಂಟಿಂಗ್ ಬದಲಾಯಿಸದೆ ಬರೀ ವೈರು ಜೋಡಿಸಿದರೆ ಎರಡು ತಿಂಗಳಲ್ಲಿ ಮತ್ತೆ ಅದೇ ಕಥೆ. ಪಿ.ಬಿ. ರಸ್ತೆಯ ಅಂಗಡಿಯಿಂದ ಮೌಂಟಿಂಗ್ ತರಿಸಿದೆ. ಅರ್ಧ ರೇಟಿನ ಡೂಪ್ಲಿಕೇಟೂ ಇತ್ತು. ಉಗುರಲ್ಲಿ ಒತ್ತಿದರೆ ಅದರ ರಬ್ಬರ್ ಕಲ್ಲಿನ ಹಾಗೆ. ಬೇಡ ಅಂದೆ. ಹಳೇ ಬೋಲ್ಟಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಅರ್ಧ ಗಂಟೆ ಕಾದು, ರಿಂಗ್ ಸ್ಪ್ಯಾನರಿಗೆ ಪೈಪ್ ಏರಿಸಿ ಎಳೆದೆ. ಸ್ವಲ್ಪ ತಿರುಗಿತು, ಕಿರ್ ಅಂತು. ಸಡಿಲ ಆಯ್ತು ಅಂದುಕೊಳ್ಳುವಷ್ಟರಲ್ಲಿ ತಲೆ ಕಟ್ಟಾಗಿ ಕೈಗೆ ಬಂತು. ಗೆಣ್ಣು ಚಾಸಿಸ್ಸಿಗೆ ಬಡಿದು ಚರ್ಮ ಹೋಯ್ತು. ಮುರಿದ ತುಂಡು ಬ್ರಾಕೆಟ್ಟಿನ ಒಳಗೇ ಕೂತಿದೆ.

ಬ್ರಾಕೆಟ್ ಬಿಚ್ಚಿ ಲೇತಿನವರ ಹತ್ತಿರ ಒಯ್ದೆ. ಅವರದು ಹರಿಹರದಲ್ಲಿ ಮಾಡಿದ ಹಳೇ ಮೈಸೂರು ಕಿರ್ಲೋಸ್ಕರ್ ಲೇತ್. 1941ರಲ್ಲಿ ಶುರುವಾದ ಆ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಯ್ತು. ಅದರ ಲೇತ್ ಮಾತ್ರ ಇವರ ಅಂಗಡಿಯಲ್ಲಿ ಇವತ್ತಿಗೂ ಅನ್ನ ಹಾಕುತ್ತಿದೆ. ಆ ಯಜಮಾನರು ಕನ್ನಡಕ ಏರಿಸಿ, ತುಂಡಿನ ನಟ್ಟನಡುವೆ ಪಂಚ್ ಹೊಡೆದು, ಸಣ್ಣ ಡ್ರಿಲ್ಲಿನಿಂದ ಶುರುಮಾಡಿ ದಪ್ಪಕ್ಕೆ ಬಂದರು. ಥ್ರೆಡ್ಡಿಗೆ ಒಂದು ಗೀರು ಬೀಳಲಿಲ್ಲ. 150 ರೂಪಾಯಿ ತಗೊಂಡರು. ಇನ್ನೂ 50 ಕೊಟ್ಟರೆ ಬೇಡ ಅಂದರು.

ಆಮೇಲಿನದು ಸಲೀಸು. ವೈರಿನ ಸತ್ತ ಭಾಗ ಕತ್ತರಿಸಿ, ಒಂದು ಗೇಣು ಹೊಸ ವೈರು ಕೊಟ್ಟು, ಬೆಸುಗೆ ಹಾಕಿ, ಮೇಲೆ ಸ್ಲೀವ್ ಏರಿಸಿ ಬಿಸಿ ಮಾಡಿದೆ. ಬರೀ ಟೇಪ್ ಸುತ್ತುವುದು ನನಗೆ ಸೇರುವುದಿಲ್ಲ, ಇಂಜಿನ್ ಬಿಸಿಗೆ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಎರಡು ವೈರನ್ನು ಮೊದಲಿನ ಹಾಗೇ ಹೆಣೆದು, ಎಳೆತ ಬೀಳದಂತೆ ಸ್ವಲ್ಪ ಸಡಿಲ ಬಿಟ್ಟು ಕಟ್ಟಿದೆ. ಮತ್ತೆ ಒಂದನೇ ಗೇರು, ಮತ್ತೆ ಕ್ಲಚ್. ಇಂಜಿನ್ ಜಾಗ ಬಿಟ್ಟು ಏಳಲಿಲ್ಲ.

ಐದು ಗಂಟೆಗೆ ಯಜಮಾನರು ಬಂದರು. ಮೌಂಟಿಂಗ್, ಲೇತ್ ಖರ್ಚು ಬಿಟ್ಟು ನನ್ನ ಕೂಲಿ 2,500 ಅಂದೆ. ಮೂರು ದಿನಕ್ಕೆ, ಇಬ್ಬರಿಗೆ.

'ವೈರು ಎಷ್ಟುದ್ದ ಹಾಕಿದ್ರಿ ಮೇಸ್ತ್ರಿ?'

'ಒಂದು ಗೇಣು, ಯಜಮಾನ್ರೆ.'

'ಒಂದು ಗೇಣು ವೈರಿಗೆ ಎರಡೂವರೆ ಸಾವಿರನಾ?'

ಅವರು ಕೆಟ್ಟವರಲ್ಲ. ಸುಳ್ಳು ಹೇಳುವವರೂ ಅಲ್ಲ. ಕೆಡದಿದ್ದ ಎರಡು ಸೆನ್ಸರಿಗೆ ಇದಕ್ಕಿಂತ ಜಾಸ್ತಿ ಕೊಟ್ಟಿದ್ದರು. ಆಗ ಮಾತಾಡಿರಲಿಲ್ಲ, ಯಾಕಂದರೆ ಡಬ್ಬಿಯಲ್ಲಿ ಹೊಸ ಸಾಮಾನು ಕಣ್ಣಿಗೆ ಕಂಡಿತ್ತು. ಹುಡುಕಿದ್ದು ಕಣ್ಣಿಗೆ ಕಾಣುವುದಿಲ್ಲ. ಇದು ಇವರೊಬ್ಬರ ಮಾತಲ್ಲ. ಇಷ್ಟು ವರ್ಷದಲ್ಲಿ ನೂರು ಸಲ ಕೇಳಿದ್ದೇನೆ. ಪ್ರತಿ ಸಲವೂ ಎದೆಗೆ ನಾಟುತ್ತದೆ.

ಇವತ್ತು ಸುಮ್ಮನಿರಲಿಲ್ಲ. ಆ ಸತ್ತ ವೈರಿನ ತುಂಡನ್ನು ಅವರ ಕೈಗೆ ಕೊಟ್ಟು, ಎಳೀರಿ ಅಂದೆ. ಎಳೆದರು. ಹಿಗ್ಗಿತು. 'ಹೊಲದಲ್ಲಿ ಬೋರ್ ಹಾಕಿಸುವಾಗ ಪಾಯಿಂಟ್ ತೋರಿಸೋರಿಗೆ ದುಡ್ಡು ಕೊಡ್ತೀರಲ್ವಾ ಯಜಮಾನ್ರೆ? ಅವರು ಪೈಪೂ ಹಾಕಲ್ಲ, ಮೋಟ್ರೂ ಹಾಕಲ್ಲ. ಇಲ್ಲಿ ತೋಡಿ ಅಂತಾರೆ ಅಷ್ಟೆ. ನೀರು ಬರೋ ಮೊದಲೇ ಕೊಡ್ತೀರಿ. ನಾನು ಜಾಗ ತೋರಿಸಿ, ನೀರೂ ಬರಿಸಿ ಕೊಟ್ಟಿದ್ದೀನಿ' ಅಂದೆ. ನನ್ನ ದನಿ ಸ್ವಲ್ಪ ನಡುಗಿತು.

ಅವರು ಬಹಳ ಹೊತ್ತು ಆ ತುಂಡನ್ನು ಎಳೆಯುತ್ತಾ ಬಿಡುತ್ತಾ ನಿಂತರು. ಸಾಮಾನಿನ ದುಡ್ಡು ಪೂರ್ತಿ ಕೊಟ್ಟರು. ಕೂಲಿಯಲ್ಲಿ 1,500 ಎಣಿಸಿ ಕೈಗಿಟ್ಟು, ಉಳಿದದ್ದು ಜೋಳ ಮಾರಿದ ಮೇಲೆ ಅಂದರು. ಆಗಲಿ ಅಂದೆ. ವೈರಿನ ತುಂಡನ್ನು ಜೇಬಿಗೆ ಹಾಕಿಕೊಂಡು ಹೋದರು.

ಅವರು ಹೋದ ಮೇಲೆ ಬಿಲ್ ಪುಸ್ತಕ ತರಿಸಿದೆ. ಇಷ್ಟು ದಿನ ನಾನು ಮೊದಲು ಸಾಮಾನು ಬರೆದು, ಕೊನೆಗೆ ಒಂದು ಮೂಲೆಯಲ್ಲಿ ಲೇಬರ್ ಅಂತ ಬರೆಯುತ್ತಿದ್ದೆ. ಇನ್ನು ಮೇಲೆ ಮೊದಲನೇ ಸಾಲಿನಲ್ಲೇ 'ಹುಡುಕಿದ ಕೂಲಿ' ಅಂತ ಬರೆಯಬೇಕು, ಗಾಡಿ ಶೆಡ್ಡಿನ ಒಳಗೆ ಬರುವಾಗಲೇ ಅದನ್ನು ಬಾಯಿಬಿಟ್ಟು ಹೇಳಬೇಕು ಅಂತ ಹುಡುಗನಿಗೆ ಹೇಳಿದೆ. ಅವನ ಅಕ್ಷರ ನನ್ನದಕ್ಕಿಂತ ದುಂಡಗೆ. ಮುಂದಿನ ಹತ್ತು ಹಾಳೆಯ ಮೇಲೂ ಅವನೇ ಬರೆದ. ಪ್ರತಿ ಹಾಳೆಯ ಮೂಲೆಯಲ್ಲಿ ಅವನ ಹೆಬ್ಬೆರಳಿನ ಎಣ್ಣೆ ಗುರುತು ಬಿದ್ದಿದೆ.

ಒಂಬತ್ತಕ್ಕೆ ಯಜಮಾನರು ಫೋನ್ ಮಾಡಿದ್ದರು. ಲೋಡ್ ಏರಿಸಿಯಾಗಿದೆಯಂತೆ, ಬೆಳಗ್ಗೆ ಆರಕ್ಕೆ ಎಪಿಎಂಸಿಗೆ ಹೊರಡುತ್ತಾರಂತೆ. 'ನಿಲ್ಲಲ್ಲ ಅಲ್ವಾ ಮೇಸ್ತ್ರಿ?' ಅಂತ ಎರಡು ಸಲ ಕೇಳಿದರು. ನಿಲ್ಲಲ್ಲ, ಧೈರ್ಯವಾಗಿ ಹೊರಡಿ ಅಂದೆ. ಆದರೂ ಆರಕ್ಕೆ ನಾನೂ ಏಳಬೇಕು. ಆ ಜೋಳ ಇಳಿಯುವತನಕ ನನಗೂ ಸಮಾಧಾನ ಇಲ್ಲ.